ಹಿಂದಿನ ಗಾಲಿಯ ಸಪ್ಪಳ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಜೋಕಾಲಿ ಇದೆ. ಸಾಗವಾನಿ ಹಲಗೆ, ನಾಲ್ಕು ಕಡೆ ಹಿತ್ತಾಳೆಯ ಸರಪಳಿ. ನಿವೃತ್ತನಾದ ಮೇಲೆ ನಾನು ನಿಷ್ಠೆಯಿಂದ ಮಾಡಿದ ಕೆಲಸವೆಂದರೆ ಅದರ ಮೇಲೆ ಕೂತದ್ದು. ಹೋದ ವರ್ಷ ದೀಪಾವಳಿ ಕಳೆದು ಎಂಟು ದಿನಕ್ಕೆ ಅದು ಸಪ್ಪಳ ಮಾಡತೊಡಗಿತು. ಮುಂದೆ ಹೋಗುವಾಗ ಏನೂ ಇಲ್ಲ. ಹಿಂದೆ ಬಂದು ತಿರುಗುವ ಗಳಿಗೆಯಲ್ಲಿ, ಮೇಲಿನ ಕೊಂಡಿಯ ಹತ್ತಿರ, ಒಂದು ಸಣ್ಣ 'ಕಟಕ್'. ನನ್ನ ಕಿವಿ ಈಗ ಅಷ್ಟಕ್ಕಷ್ಟೆ. ಯಾರಾದರೂ ಬಾಗಿಲು ಬಡಿದರೆ ಕೇಳಿಸುವುದಿಲ್ಲ. ಹೆಂಡತಿ ಕರೆದದ್ದು ಕೇಳಿಸುವುದಿಲ್ಲ. ಅದು ಮದುವೆಯಾದಾಗಿನಿಂದಲೂ ಕೇಳಿಸಿಲ್ಲವೆಂದು ಅವಳ ತಕರಾರು. ಆದರೆ ಈ ಕಟಕ್ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮಗ ಒಬ್ಬ ಮಿಸ್ತ್ರಿಯನ್ನು ಕರೆತಂದ. ಆತ ಏಣಿ ಹತ್ತಿ ಕೊಂಡಿಗೆ ಗ್ರೀಸ್ ಬಳಿದ, ಎರಡು ಸಲ ತೂಗಿ ನೋಡಿದ, ಇನ್ನು ಚಿಂತೆಯಿಲ್ಲ ಎಂದು ಹೇಳಿ ಹೋದ. ಸಪ್ಪಳ ನಿಂತಿತ್ತು. ಪಡಸಾಲೆಯ ತುಂಬ ಗ್ರೀಸಿನ ಆ ಜಿಡ್ಡು ವಾಸನೆ. ಎಲ್ಲರೂ ಒಳಗೆ ಹೋದರು. ನಾನು ಮಾತ್ರ ಜೋಕಾಲಿಯ ಎದುರಿಗೆ ನಿಂತೇ ಇದ್ದೆ. ಕೂರುವ ಧೈರ್ಯವಾಗಲಿಲ್ಲ. ಬೀಳುತ್ತೇನೆಂಬ ಭಯವಲ್ಲ. ಗ್ರೀಸ್ ಹಚ್ಚಿದ ಮೇಲೆ ನಿಂತುಹೋದ ಸಪ್ಪಳವನ್ನು ನಾನು ಮೊದಲೂ ಒಮ್ಮೆ ನಂಬಿದ್ದೆ.

ಇದು ನಾವು ಮುಂಬೈ ರಾಜ್ಯದವರಾಗಿದ್ದ ಕಾಲದ ಮಾತು. ಜಮಖಂಡಿ, ಮುಧೋಳದ ಸಂಸ್ಥಾನಗಳು ಕರಗಿ ಬಿಜಾಪುರ ಜಿಲ್ಲೆಯ ತಾಲೂಕುಗಳಾಗಿ ಕೆಲವು ವರ್ಷ ಸಂದಿದ್ದವು. ಕಚೇರಿಯ ಕಾಗದ ಇಂಗ್ಲಿಷಿನಲ್ಲಿ ಬರೆಯಬೇಕೋ, ಮರಾಠಿಯಲ್ಲೋ, ಕನ್ನಡದಲ್ಲೋ ಯಾರಿಗೂ ಖಾತ್ರಿ ಇರಲಿಲ್ಲ. ನನ್ನನ್ನು ಜಮಖಂಡಿಗೆ ನೇಕಾರಿಕೆಯ ಇನ್ಸ್‌ಪೆಕ್ಟರ್ ಎಂದು ಹಾಕಿದ್ದರು. ರಬಕವಿ, ಬನಹಟ್ಟಿ, ತೇರದಾಳ, ಮುಧೋಳ, ಬೀಳಗಿ ಎಂದು ಊರೂರು ಸುತ್ತಿ, ಸೀರೆಯ ಅಂಚಿನಲ್ಲಿ ಚಿತ್ತಾರ ಎತ್ತುವ ಡಾಬಿ ಎಂಬ ಹೊಸ ಸಲಕರಣೆಯನ್ನು ನೇಕಾರರಿಗೆ ತೋರಿಸಿ ಕಲಿಸುವುದು ನನ್ನ ಕೆಲಸ. ಕಲಿಸುವುದು ಎಂದೆನಲ್ಲ, ಅದು ಕಾಗದದ ಮೇಲಿನ ಮಾತು. ನನಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದೂ ಬರುತ್ತಿರಲಿಲ್ಲ. ಕಲಿಸುತ್ತಿದ್ದವನು ಬನಹಟ್ಟಿಯ ಈರಣ್ಣ. ಹುಟ್ಟು ನೇಕಾರ. ನನಗಿಂತ ಐದಾರು ವರ್ಷ ದೊಡ್ಡವನು. ಅವನು ಕುಣಿಯಲ್ಲಿ ಕೂತು ಕಾಲಡಿಯ ಪಾವಡಿ ತುಳಿಯತೊಡಗಿದರೆ ಎರಡು ಕಾಲೂ ಏನೋ ಮಾತಾಡಿಕೊಳ್ಳುತ್ತಿರುವಂತೆ ಕಾಣುತ್ತಿತ್ತು. ನಾನು ಪಕ್ಕದಲ್ಲಿ ನಿಂತು, ಖಾಕಿ ಕೋಟಿನ ಕಿಸೆಯಲ್ಲಿ ಕೈಯಿಟ್ಟುಕೊಂಡು, 'ಹೀಗೆ' ಎನ್ನುತ್ತಿದ್ದೆ.

ಊರೂರು ತಿರುಗುವ ಈ ಫಿರತಿಗಾಗಿ ನಮ್ಮ ಖಾತೆ ನನಗೆ ಒಂದು ವಿಲಾಯತಿ ಮೋಟಾರ್ ಸೈಕಲ್ಲು ಕೊಟ್ಟಿತ್ತು. ಜನ ಅದಕ್ಕೆ ಫಟಫಟಿ ಎನ್ನುತ್ತಿದ್ದರು. ಉದ್ದನೆಯ ಪ್ರಯಾಣಕ್ಕೆಂದೇ ಮಾಡಿದ, ಎಮ್ಮೆಯಂಥ ಮೈಯ ಗಾಡಿ. ಹಿಂದಿನ ಗಾಲಿಯ ಎರಡೂ ಬದಿಗೆ ಒಂದೊಂದು ನಿಂತ ಕೊಳವೆ, ಒಳಗೆ ಸ್ಪ್ರಿಂಗು. ಗಾಲಿ ಕುಣಿಗೆ ಬಿದ್ದರೆ ಸ್ಪ್ರಿಂಗು ಅದನ್ನು ಮೇಲೆ ಕೆಳಗೆ ಆಡಿಸಿ ನಮ್ಮ ಬೆನ್ನನ್ನು ಉಳಿಸುತ್ತಿತ್ತು. ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಅಂಥ ಗಾಡಿ ಎರಡೋ ಮೂರೋ ಇದ್ದಾವು. ಒಂದರ ಮೇಲೆ ನಾನು. ಕಪ್ಪು ಕನ್ನಡಕ ಹಾಕಿಕೊಂಡು ರಬಕವಿಯ ಪೇಟೆಯಲ್ಲಿ ಹೋಗುವಾಗ ಗಾಜಿನ ಒಳಗಿಂದ ಎಡಕ್ಕೂ ಬಲಕ್ಕೂ ಕಣ್ಣಾಡಿಸಿ, ಯಾರು ಯಾರು ನೋಡಿದರೆಂದು ಲೆಕ್ಕ ಇಡುತ್ತಿದ್ದೆ. ಆಗ ನನಗೆ ಇಪ್ಪತ್ತಾರು. ನೀವು ಆ ವಯಸ್ಸಿನಲ್ಲಿ ಹಾಗಿರಲಿಲ್ಲವೆಂದರೆ ನಿಮಗೆ ನನ್ನ ನಮಸ್ಕಾರ.

ಕಚೇರಿಯ ನಿಯಮದಂತೆ ಡಾಬಿಯನ್ನು ಬಸ್ಸಿನ ಮೇಲೆ ಹಾಕಿ ಕಳಿಸಬೇಕು. ಅದು ಕಬ್ಬಿಣದ್ದು, ಒಂದು ದೊಡ್ಡ ಟಗರಿನಷ್ಟು ಭಾರ. ಬಸ್ಸು ಕಾಯುವುದೆಂದರೆ ಎಲ್ಲರಂತಾದಂತೆ. ಹಾಗಾಗಿ ನಾನು ಅದನ್ನು ಫಟಫಟಿಯ ಹಿಂದೆ ಹಗ್ಗದಿಂದ ಬಿಗಿಯುತ್ತಿದ್ದೆ. ಅದರ ಮುಂದೆ ಈರಣ್ಣ, ಅವನ ಮುಂದೆ ನಾನು. ಆರು ತಿಂಗಳು ಹೀಗೆ ಓಡಾಡಿದೆವು. ಏಳನೆಯ ತಿಂಗಳು ಸಪ್ಪಳ ಶುರುವಾಯಿತು.

ಜಮಖಂಡಿಯಲ್ಲಿ ಇಂಥ ಗಾಡಿ ನೋಡುವವನೆಂದರೆ ಬೀರಪ್ಪ ಒಬ್ಬನೇ. ಕುರಿ ಕಾಯುವ ಮನೆತನ. ಹುಡುಗನಾಗಿದ್ದಾಗ ಸಂಸ್ಥಾನದ ಮೋಟಾರುಖಾನೆಯಲ್ಲಿ ಗಾಡಿ ತೊಳೆಯಲು ಸೇರಿ, ನೋಡಿ ನೋಡಿಯೇ ಮಿಸ್ತ್ರಿಯಾದವನು. ಸಂಸ್ಥಾನ ಹೋದ ಮೇಲೆ ಮುಧೋಳದ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಹಾಕಿದ್ದ. ಒಳಗೆ ಬೀರೇಶ್ವರನ ಪಟ, ಭಂಡಾರದ ಬಟ್ಟಲು, ಗೋಡೆಗೆ ಸಾಲಾಗಿ ನೇತುಹಾಕಿದ, ನಟ್ಟು ತಿರುವುವ ಪಾನಾಗಳು. ಮಾತು ಕಡಿಮೆ. ಬಂದ ಗಾಡಿಯನ್ನು ಮೊದಲು ಕಣ್ಣು ಮುಚ್ಚಿ ಕೇಳುತ್ತಿದ್ದ, ಆಮೇಲೆ ನೋಡುತ್ತಿದ್ದ. ಇನ್ನೂರು ಕುರಿಯ ಹಿಂಡಿನಲ್ಲಿ ಕೆಮ್ಮಿದ್ದು ಯಾವ ಕುರಿ ಎಂದು ಅವನ ಅಪ್ಪ ದೂರದಿಂದಲೇ ಹೇಳುತ್ತಿದ್ದನಂತೆ. ಕಿವಿ ಅಲ್ಲಿಂದ ಬಂದದ್ದು ಎನ್ನುತ್ತಿದ್ದ.

ನಾನು ಹೋಗಿ ಹಿಂದೆ ಸಪ್ಪಳ ಬರುತ್ತಿದೆ ಎಂದೆ. ಅವನು ಒಂದೊಂದೇ ಕೇಳಿದ. ಒಬ್ಬರಿದ್ದಾಗ ಬರುತ್ತದೋ ಇಬ್ಬರಿದ್ದಾಗಲೋ? ಬ್ರೇಕು ಹಿಡಿದಾಗಲೋ ಬಿಟ್ಟಾಗಲೋ? ಗಾಲಿ ಕುಣಿಗೆ ಬೀಳುವಾಗಲೋ, ಎದ್ದು ಬರುವಾಗಲೋ? ಆರು ತಿಂಗಳು ಆ ಗಾಡಿಯ ಮೇಲೆ ಕೂತವನು ನಾನು. ನನಗೆ ಗೊತ್ತಿದ್ದದ್ದು ಅದರ ಮೇಲೆ ಕೂತಾಗ ನಾನು ಹೇಗೆ ಕಾಣುತ್ತೇನೆಂಬುದು ಮಾತ್ರ. ಈರಣ್ಣನೇ ಹೇಳಿದ: ಇಬ್ಬರಿದ್ದಾಗ, ಎದ್ದು ಬರುವಾಗ.

ಬೀರಪ್ಪ ಎರಡು ದಿನ ಹಿಡಿದ. ಒಂದೊಂದೇ ಗುಮಾನಿ ತೆಗೆಯುತ್ತ ಹೋದ. ಮೊದಲು ಹಿಂದಿನ ಕ್ಯಾರಿಯರು ಬಿಚ್ಚಿಟ್ಟು ಓಡಿಸಿ ನೋಡಿದ, ಸಪ್ಪಳ ಹೋಗಲಿಲ್ಲ. ಮಡ್‌ಗಾರ್ಡಿನ ಸಂದಿಗೆ ಅರಿವೆ ತುರುಕಿದ, ಹೋಗಲಿಲ್ಲ. ಚೈನು ಸಡಿಲು ಮಾಡಿ ನೋಡಿದ, ಬಿಗಿ ಮಾಡಿ ನೋಡಿದ. ಸ್ಪ್ರಿಂಗಿನ ತಗಡಿನ ಹೊದಿಕೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದ. ಸ್ಪ್ರಿಂಗು ಎರಡೂ ಗಟ್ಟಿಯಾಗಿದ್ದವು. ಆಮೇಲೆ ನನ್ನನ್ನೂ ಈರಣ್ಣನನ್ನೂ ಗಾಡಿಯ ಮೇಲೆ ಕೂರಿಸಿ, ಏಳಿರಿ ಕೂಡಿರಿ, ಏಳಿರಿ ಕೂಡಿರಿ ಎಂದ. ನಾವು ಸಾಲೆಯ ಮಕ್ಕಳಂತೆ ಕುಪ್ಪಳಿಸುತ್ತಿದ್ದರೆ ಅವನು ಒಂದು ಬೇವಿನ ಕೋಲಿನ ತುದಿಯನ್ನು ಕೊಳವೆಗೆ ಆನಿಸಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕುಕ್ಕರಗಾಲಲ್ಲಿ ಕೂತ. ಬಲಗಡೆ ಕೇಳಿದ. ಎಡಗಡೆ ಮೇಲೆ ಕೇಳಿದ. ಎಡಗಡೆ ಕೆಳಗೆ ಬಂದು ಬಹಳ ಹೊತ್ತು ಅಲ್ಲೇ ಇದ್ದ. ಕಡೆಗೆ ನನ್ನ ಹಿಂದೆ, ಬೆನ್ನಿಗೆ ಬೆನ್ನು ಹಚ್ಚಿ, ಹಿಂದುಮುಂದಾಗಿ ಕೂತು, ತಲೆ ಬಗ್ಗಿಸಿ ಗಾಲಿಯ ಕಡೆ ಕಿವಿಯಿಟ್ಟು ಒಂದು ಹರದಾರಿ ಬಂದ. ದಾರಿಯಲ್ಲಿ ಹೋಗುವವರು ನಿಂತು ನಕ್ಕರು. ಅವರು ನಕ್ಕದ್ದು ನನಗೆ ಚುಚ್ಚಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಶೆಡ್ಡಿಗೆ ಮರಳಿದ ಮೇಲೆ ಕೈ ಒರೆಸಿಕೊಳ್ಳುತ್ತ ಹೇಳಿದ:

"ಸ್ಪ್ರಿಂಗಿಂದಲ್ರಿ ಸಾಹೇಬ್ರ. ಎಡಗಡೆ ಕೊಳವಿ ಕೆಳಗ ಹಿಡಕೊಂಡಿರೂ ಕಬ್ಬಿಣ ಐತಲ್ಲ, ಅದು ಒಳಗಿಂದ ಬಿಡಾಕತ್ತೈತಿ."

"ಕಾಣಿಸ್ತದೇನು?" ಎಂದೆ.

"ಕಾಣವಲ್ದರಿ. ಕೇಳಸ್ತೈತಿ."

ನಾಲ್ಕು ದಿನ ಗಾಡಿ ಬಿಟ್ಟರೆ ಎಲ್ಲ ಬಿಚ್ಚಿ, ಬಣ್ಣ ಕೆರೆದು, ಬಿರುಕು ಹುಡುಕಿ ಬೆಸುಗೆ ಹಾಕಿಸುತ್ತೇನೆಂದ. ನಾಡಿದ್ದೇ ಬೀಳಗಿಗೆ ಬಿಜಾಪುರದಿಂದ ಮೇಲಿನ ಸಾಹೇಬರು ಬರುವವರಿದ್ದರು. ಅವರೆದುರು ನಾನು ಬಸ್ಸಿನಿಂದ ಇಳಿಯಬೇಕೆ? ಇನ್ನೂ ಒಂದು ಮಾತಿತ್ತು. ಅದು ಯಾಕೆ ಬಿಡುತ್ತಿದೆ ಎಂದು ಕೇಳಿದಾಗ ಬೀರಪ್ಪ, ಹೊರಬಾರದ ಭಾರ ಹೊತ್ತಿದೆ ಎಂದಿದ್ದ. ಡಾಬಿಯ ಸುದ್ದಿ ಕಚೇರಿಗೆ ತಿಳಿದರೆ ಸರಕಾರಿ ಗಾಡಿ ಕೆಡಿಸಿದವನು ನಾನೇ ಆಗುತ್ತೇನೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಗ್ರೀಸ್ ತುಂಬಿ, ನಟ್ಟು ಬಿಗಿ ಮಾಡಿ ಕೊಡು, ಬಿಚ್ಚುವುದೆಲ್ಲ ಆಮೇಲೆ ನೋಡೋಣ ಎಂದೆ. ಅವನಿಗೆ ಮನಸ್ಸಿರಲಿಲ್ಲ. ನಾನು ಸ್ವಲ್ಪ ದನಿಯೆತ್ತಿದೆ. ಮಾಡಿಕೊಟ್ಟ. ಸಪ್ಪಳ ನಿಂತಿತು.

"ಸಪ್ಪಳ ನಿಂತೈತ್ರಿ, ಅಷ್ಟ," ಎಂದ ಬೀರಪ್ಪ. "ಒಬ್ಬರ ಹೋಗ್ರಿ. ಹಿಂದ ಯಾರನೂ ಕುಂಡರಸಬ್ಯಾಡ್ರಿ. ಬಂದಕೂಡ್ಲೆ ಗಾಡಿ ಇಲ್ಲೇ ತಂದ ನಿಲ್ಲಸ್ರಿ."

ಹಾಗಾದರೆ ನಾನು ಬೀಳಗಿಯವರೆಗೆ ಓಡುತ್ತ ಬರಲೇನು ಎಂದು ಈರಣ್ಣ ನಕ್ಕ. ನಾನೂ ನಕ್ಕೆ. ಬೀರಪ್ಪ ನಗಲಿಲ್ಲ.

ಕಚೇರಿಗೆ ಕೊಡಲು ಒಂದು ಚೀಟಿ ಬೇಕಿತ್ತು. ಬೀರಪ್ಪನಿಗೆ ಸಹಿ ಮಾಡುವಷ್ಟು ಅಕ್ಷರ ಬರುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. ಯಾವಾಗಲೂ ಮಾಡುವಂತೆ ನಾನೇ ಬರೆದೆ: 'ಹಿಂದಿನ ಗಾಲಿಯ ಸ್ಪ್ರಿಂಗಿನ ದುರಸ್ತಿ ಮಾಡಿ ಗಾಡಿಯನ್ನು ಸುಸ್ಥಿತಿಯಲ್ಲಿ ಒಪ್ಪಿಸಲಾಗಿದೆ.' ಕಚೇರಿಯ ಎಲ್ಲ ಚೀಟಿಯೂ ಹಾಗೆಯೇ ಇರುತ್ತವೆ. ಕೈ ತಾನಾಗಿಯೇ ಬರೆಯುತ್ತದೆ. ಅವನು ಓದದೆ, ನನ್ನ ಮುಖ ನೋಡಿ, ಕೆಳಗೆ ತನ್ನ ಹೆಸರು ಗೀಚಿದ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಇದನ್ನು ನೀವು ನಂಬಬೇಕು. ಕಪಟ ಆಮೇಲೆ ಬಂತು.

ಬೀಳಗಿಯ ಭೇಟಿ ಚೆನ್ನಾಗಿ ಆಯಿತು. ಸಾಹೇಬರು ಗಾಡಿ ನೋಡಿ ತಲೆದೂಗಿದರು. ಮರಳುವಾಗಲೂ ಏನೂ ಆಗಲಿಲ್ಲ. ಆ ಮೇಲೆ ತೇರದಾಳಕ್ಕೆ ಹೋದೆವು, ರಬಕವಿಗೆ ಹೋದೆವು, ಈರಣ್ಣನೂ ಡಾಬಿಯೂ ನನ್ನ ಹಿಂದೆ. ಗಾಡಿ ಚಕಾರವೆತ್ತಲಿಲ್ಲ. ಮೂರು ವಾರವಾಯಿತು. ಶೆಡ್ಡಿನ ಮುಂದೆ ಹಾಯುವಾಗ ಬೀರಪ್ಪ ಕೆಲಸ ಬಿಟ್ಟು ಎದ್ದು ನಿಂತು, ಹಿಂದಿನ ಗಾಲಿಯನ್ನೇ ನೋಡುತ್ತಿದ್ದ. ನಾನು ಕೈಬೀಸಿ ವೇಗ ಹೆಚ್ಚಿಸುತ್ತಿದ್ದೆ.

ಗಾಡಿ ಮುರಿದದ್ದು ಮತ್ತೆ ಬೀಳಗಿಯ ದಾರಿಯಲ್ಲೇ. ಒಂದು ಹಳ್ಳದ ಇಳಿಜಾರು. ದೊಡ್ಡ ಕುಣಿಯೇನಲ್ಲ. ಗಾಲಿ ಇಳಿದು ಏಳುವಾಗ ಹಿಂದೆ ಯಾರೋ ಕಟ್ಟಿಗೆ ಸೀಳಿದಂತಾಯಿತು. ನಾನು ಹಳ್ಳದ ಮರಳಿನ ಮೇಲೆ ಹೋಗಿ ಬಿದ್ದೆ, ಮೊಣಕೈ ತರಚಿತು, ಕನ್ನಡಕ ಒಡೆಯಿತು. ಈರಣ್ಣ ಗಾಡಿಯ ಕೆಳಗಿದ್ದ. ಡಾಬಿ ಅವನ ಬಲ ಮೊಣಕಾಲಿನ ಮೇಲೆ ಕುಂತಿತ್ತು.

ಹತ್ತಿರದ ಹೊಲದವರು ಓಡಿ ಬಂದು ಗಾಡಿ ಎತ್ತಿದರು. ಚಕ್ಕಡಿ ತರಲು ಒಬ್ಬ ಹೋದ. ಅವನು ಬರುವವರೆಗೆ ನಾನು ಈರಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕೂತಲ್ಲಿಂದ ಗಾಡಿಯ ಮುರಿದ ಜಾಗ ಒಂದು ಮಾರು ದೂರದಲ್ಲಿ, ಬಿಸಿಲಿಗೆ ನೇರವಾಗಿ, ನನ್ನ ಕಣ್ಣೆದುರಿಗೇ ಇತ್ತು. ಎಡಗಡೆ, ಕೆಳಗೆ. ಮುರಿದ ಕಬ್ಬಿಣದ ಮುಖದಲ್ಲಿ ಮುಕ್ಕಾಲು ಪಾಲು ಹಳೆಯ ತುಕ್ಕಿನ ಕಂದು ಬಣ್ಣ. ಉಳಿದ ಕಾಲು ಪಾಲು ಆಗಷ್ಟೇ ಮುರಿದದ್ದು, ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಗಾಡಿಯ ಕೆಲಸ ತಿಳಿಯದ ನನಗೂ ಅರ್ಥವಾಯಿತು. ಮುಕ್ಕಾಲು ಪಾಲು ಎಂದೋ ಬಿಟ್ಟಿತ್ತು. ಬೀರಪ್ಪ ಕೇಳಿಸಿಕೊಂಡದ್ದು ಅದನ್ನೇ.

ಈರಣ್ಣನನ್ನು ಮೋಟಾರಿನಲ್ಲಿ ಕುಡಚಿಗೆ, ಅಲ್ಲಿಂದ ರೈಲಿನಲ್ಲಿ ಮಿರಜದ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು, ಕಾಲೂ ಉಳಿಯಿತು. ಮೊಣಕಾಲು ಮಾತ್ರ ಇನ್ನು ಮಡಚುವುದಿಲ್ಲ ಎಂದರು. ಮಡಚದ ಕಾಲನ್ನು ಕುಣಿಯಲ್ಲಿ ಇಳಿಸುವುದು ಹೇಗೆ, ಪಾವಡಿ ತುಳಿಯುವುದು ಹೇಗೆ ಎಂದು ಈರಣ್ಣ ಡಾಕ್ಟರರನ್ನು ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ.

ಮುರಿದ ಗಾಡಿಯನ್ನು ತಂದು ಕಚೇರಿಯ ಬಯಲಿನಲ್ಲಿ ನಿಲ್ಲಿಸಿದ್ದರು. ವಿಚಾರಣೆಗೆ ಸಾಹೇಬರು ಬರುವ ಹೊತ್ತಿಗೆ ಹದಿನೈದು ದಿನವಾಗಿತ್ತು. ನಡುವೆ ಎರಡು ಮಳೆ ಬಿದ್ದಿತ್ತು. ಮುರಿದ ಮುಖವೆಲ್ಲ ಒಂದೇ ಸಮ ತುಕ್ಕು ಹಿಡಿದು, ಹಳೆಯದು ಯಾವುದು ಹೊಸದು ಯಾವುದು ಎಂದು ಹೇಳುವಂತಿರಲಿಲ್ಲ. ಆ ಹದಿನೈದು ದಿನದೊಳಗೆ ನಾನು ಮಿರಜಕ್ಕೆ ಹೋಗಿ ಈರಣ್ಣನ ಹಾಸಿಗೆಯ ಪಕ್ಕ ಕೂತು, ಮೆಲ್ಲಗೆ ನನ್ನ ಕಷ್ಟ ಹೇಳಿಕೊಂಡಿದ್ದೆ. ಡಾಬಿಯ ಮಾತು, ಬೀರಪ್ಪ ಎಚ್ಚರಿಸಿದ ಮಾತು ಹೊರಬಿದ್ದರೆ ನನ್ನ ನೌಕರಿ ಹೋಗುತ್ತದೆ. ನನ್ನ ನೌಕರಿ ಉಳಿದರೆ ಬನಹಟ್ಟಿಯ ನೂಲಿನ ಗೋದಾಮಿನಲ್ಲಿ ಅವನಿಗೆ ಕೂತು ಮಾಡುವ ಪಹರೆಯ ಕೆಲಸ ಕೊಡಿಸಬಲ್ಲೆ. ಅವನು ಗೋಡೆಯ ಕಡೆ ಮುಖ ಮಾಡಿದ್ದ. ಆಗಲಿ ಎಂದ.

ಸಾಹೇಬರು ಕೇಳಿದ್ದು ಬಹಳವೇನಲ್ಲ. ಗಾಡಿಯನ್ನು ಕಡೆಯದಾಗಿ ಮುಟ್ಟಿದವರು ಯಾರು? ನಾನು ಚೀಟಿ ಮುಂದಿಟ್ಟೆ. ಮಿಸ್ತ್ರಿ ಏನಾದರೂ ಹೇಳಿದ್ದನೆ? ಗಾಡಿ ತಯಾರಾಗಿದೆ ಎಂದಿದ್ದ ಎಂದೆ. ಜೊತೆಗೆ ಬಂದಿದ್ದ ಬಿಜಾಪುರದ ಡ್ರೈವರು ಕೊಳವೆಯ ನಟ್ಟು ತಿರುವಿ ನೋಡಿ, ಅತಿಯಾಗಿ ಬಿಗಿ ಮಾಡಿದ್ದಾನೆ, ಅದಕ್ಕೇ ಕಬ್ಬಿಣ ಮುರಿದಿದೆ ಎಂದ. ಈರಣ್ಣ ತಾನು ಹಿಂದೆ ಕೂತವನು, ಯಾವ ಮಾತೂ ಕೇಳಿಲ್ಲ ಎಂದು ಹೇಳಿಕೆ ಕೊಟ್ಟಿದ್ದ. ಅರ್ಧ ತಾಸಿನಲ್ಲಿ ಮುಗಿಯಿತು. ಬೀರಪ್ಪನನ್ನು ಯಾರೂ ಕರೆಯಲಿಲ್ಲ. ಇನ್ನು ಮುಂದೆ ಅವನ ಹತ್ತಿರ ಸರಕಾರಿ ಗಾಡಿ ಒಯ್ಯಬಾರದೆಂದು ಆಜ್ಞೆಯಾಯಿತು.

ಮರುದಿನ ಬೆಳಿಗ್ಗೆ ಬೀರಪ್ಪ ನನ್ನ ಮನೆಗೆ ಬಂದ. ಜಗಳಕ್ಕೆ ಬಂದನೆಂದು ನಾನು ಬಾಗಿಲಲ್ಲೇ ನಿಂತೆ. ಅವನು ಆಜ್ಞೆಯ ಸುದ್ದಿ ಎತ್ತಲೇ ಇಲ್ಲ. ಚಪ್ಪಲಿ ಅಂಗಳದಲ್ಲಿ ಬಿಟ್ಟು, ಕಟ್ಟೆಯ ಕೆಳಗೇ ನಿಂತು ಹೇಳಿದ:

"ಕಚೇರಿ ಬಯಲಾಗ ಗಾಡಿ ನೋಡಿ ಬಂದ್ನಿರಿ. ಈಗ ಎಲ್ಲಾ ತುಕ್ಕ ಹಿಡದೈತಿ, ಏನೂ ತಿಳಿಯೂದಿಲ್ಲ. ಅವತ್ತ ಹಳ್ಳದಾಗ ನೀವು ಕಣ್ಣಾರೆ ನೋಡೀರಿ. ಮುರದ ಜಾಗಾ ಹೆಂಗಿತ್ರಿ? ತುಕ್ಕ ಇತ್ತೋ, ಹೊಳೀತಿತ್ತೋ?"

ನಾನು ಅಂಗಳದ ಆಚೆ ರಸ್ತೆಯ ಕಡೆ ನೋಡಿದೆ.

"ತುಕ್ಕ ಇದ್ರ ನಾ ಕೇಳಿದ್ದು ಖರೆ. ಹೊಳೀತಿದ್ರ, ನನ್ನ ಕೈಲೆ ಆದದ್ದು. ನಾ ಬಿಗಿ ಮಾಡಿದ್ದು ಹೆಚ್ಚಾಗಿ ಆ ನೇಕಾರನ ಕಾಲ ಹೋತು. ಅಷ್ಟ ಹೇಳಿಬಿಡ್ರಿ, ಹೊಕ್ಕೇನಿ."

ನೋಡಿ, ಅಲ್ಲಿ ಸಾಹೇಬರಿರಲಿಲ್ಲ, ಬರೆದುಕೊಳ್ಳುವ ಕಾರಕೂನನಿರಲಿಲ್ಲ. ವಿಚಾರಣೆ ಮುಗಿದಿತ್ತು. ತುಕ್ಕು ಇತ್ತು ಎಂದು ಅವನೊಬ್ಬನಿಗೆ ಹೇಳಿದ್ದರೆ ನನ್ನ ಕೂದಲೂ ಕೊಂಕುತ್ತಿರಲಿಲ್ಲ. ಅವನು ಅದನ್ನು ಹಿಡಿದು ಮೇಲಕ್ಕೆ ಹೋಗುವ ಜಾತಿಯವನಲ್ಲವೆಂದೂ ನನಗೆ ಗೊತ್ತಿತ್ತು. ಇಷ್ಟು ವರ್ಷ ನಾನು ಆ ಗಳಿಗೆಗೆ ಒಂದು ಕಾರಣ ಹುಡುಕಿದ್ದೇನೆ. ಅಂಜಿಕೆ ಎಂದುಕೊಂಡಿದ್ದೇನೆ, ವಯಸ್ಸು ಎಂದುಕೊಂಡಿದ್ದೇನೆ. ಒಮ್ಮೆ ಸುಳ್ಳು ಹೇಳಿದ ಮೇಲೆ ಅದನ್ನು ಕಾಯಬೇಕೆನ್ನುವ ಹಟ ಬರುತ್ತದೆ; ಅವನು ತಪ್ಪು ಮಾಡಿದವನೆಂದು ನಾನೇ ನಂಬಿದರೆ ನನಗೆ ನಿದ್ದೆ ಬರುತ್ತಿತ್ತು. ಇರಬಹುದು.

"ಹೊಳೀತಿತ್ತು," ಎಂದೆ.

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ತನ್ನ ಎರಡೂ ಅಂಗೈ ನೋಡಿಕೊಂಡ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದ.

ಈರಣ್ಣ ಮಿರಜದಿಂದ ಬಂದ ಮೇಲೆ ನಾನು ಕೊಟ್ಟ ಮಾತಿನಂತೆ ಗೋದಾಮಿನ ಬಾಗಿಲಲ್ಲಿ ಒಂದು ಮರದ ಬಾಕಿನ ಮೇಲೆ ಕೂರತೊಡಗಿದ. ಬಲಗಾಲು ಎದುರಿಗೆ ಕೊರಡಿನಂತೆ ಚಾಚಿರುತ್ತಿತ್ತು. ನಾನು ಹೋದರೆ ಏಳಲಾರದೆ ಹಣೆಗೆ ಕೈ ಮುಟ್ಟಿಸುತ್ತಿದ್ದ. ಮೊದಲಿನ ನಗೆ ಇರಲಿಲ್ಲ. ಒಂದು ದಿನ, ಗೋದಾಮಿನಲ್ಲಿ ಬೇರೆ ಯಾರೂ ಇಲ್ಲದಾಗ, ಬೀರಪ್ಪ ಬಂದಿದ್ದ ಎಂದ. ಜಮಖಂಡಿಯಿಂದ ನಡೆದುಕೊಂಡು ಬಂದಿದ್ದನಂತೆ.

"ಅವ ಬಂದು ಈ ಕಾಲ ಹಿಡಕೊಂಡು ಅತ್ನರಿ. ತಪ್ಪಾತು ಅಂದ. ನಾ ಬಾಯಿ ಮುಚಗೊಂಡು ಹಿಡಸಕೊಂಡ ಕುಂತೆ," ಎಂದ ಈರಣ್ಣ. ಚಾಚಿದ ಕಾಲಿನ ಮೇಲೆ ಧೋತರ ಎಳೆದುಕೊಂಡು, "ಇನ್ನ ಮ್ಯಾಲ ನೀವು ಇಲ್ಲಿಗಿ ಬರೂದಿದ್ರ ಬ್ಯಾರೆಯವರನ್ನ ಕಳಸ್ರಿ," ಎಂದ.

ನಾನು ಬೇರೆಯವರನ್ನೇ ಕಳಿಸಿದೆ. ಹೊಸ ಫಟಫಟಿ ಕೊಡಲಿಲ್ಲ, ಬಸ್ಸಿನಲ್ಲಿ ಓಡಾಡಿದೆ. ಬಸ್ಸು ಮುಧೋಳದ ರಸ್ತೆಯಲ್ಲಿ ಆ ಶೆಡ್ಡಿನ ಮುಂದೆ ಹಾಯುತ್ತಿತ್ತು. ಬೀರಪ್ಪ ಹಾಳಾಗುತ್ತಿದ್ದದ್ದನ್ನು ನಾನು ಕಿಟಕಿಯಿಂದ ಕಂತು ಕಂತಾಗಿ ನೋಡಿದೆ. ಸರಕಾರಿ ಗಾಡಿಗಳು ಹೋದವು. ಅವು ಹೋದರೂ ಖಾಸಗಿಯವರು ಬರುತ್ತಿದ್ದರು, ಆದರೆ ಅವನೇ ಗಾಡಿ ಬಿಟ್ಟುಕೊಡುತ್ತಿರಲಿಲ್ಲವಂತೆ. ಬಿಗಿ ಮಾಡಿದ ನಟ್ಟನ್ನು ಸಡಿಲಿಸಿ ಮತ್ತೆ ಬಿಗಿ ಮಾಡುತ್ತಿದ್ದ. ಇನ್ನೊಮ್ಮೆ ನೋಡುತ್ತೇನೆ, ನಾಳೆ ಬನ್ನಿ ಎನ್ನುತ್ತಿದ್ದ. ದಾರಿಯಲ್ಲಿ ಹೋಗುವವರನ್ನು ಕರೆದು, ಈ ಇಂಜಿನ್ನಿನಲ್ಲಿ ನಿಮಗೆ ಏನು ಕೇಳಿಸುತ್ತದೆ ಎಂದು ಕೇಳುತ್ತಿದ್ದ. ಜನ ಬೇಸತ್ತರು. ನಮ್ಮ ಜಿಲ್ಲೆಗಳು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನನಗೆ ಬಡತಿ ಸಿಕ್ಕು ಧಾರವಾಡಕ್ಕೆ ವರ್ಗವಾಯಿತು. ಹೊರಡುವ ದಿನ ಶೆಡ್ಡಿಗೆ ಕೀಲಿ ಹಾಕಿತ್ತು.

ಇಷ್ಟು ವರ್ಷ ನಾನು ಆ ಕಡೆ ಹೋಗಲಿಲ್ಲ. ಈರಣ್ಣ ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ಜೋಕಾಲಿಗೆ ಗ್ರೀಸ್ ಹಚ್ಚಿಸಿದ ಎರಡು ವಾರಕ್ಕೆ, ಮನೆಯಲ್ಲಿ ಕಾರಣ ಹೇಳದೆ, ಜಮಖಂಡಿಯ ಬಸ್ಸು ಹತ್ತಿದೆ.

ಬೀರಪ್ಪ ಇರಲಿಲ್ಲ. ಇರುತ್ತಾನೆಂದು ನಾನೂ ಎಣಿಸಿರಲಿಲ್ಲ. ಅವನ ಮಗಳು ಮಾಳವ್ವ ಒಂದು ಹಿಟ್ಟಿನ ಗಿರಣಿ ನಡೆಸುತ್ತಾಳೆಂದು ಯಾರೋ ತೋರಿಸಿದರು. ಐವತ್ತು ದಾಟಿದ ಹೆಂಗಸು, ಮುಡಿಯಿಂದ ಹುಬ್ಬಿನವರೆಗೆ ಜೋಳದ ಹಿಟ್ಟು. ಡಬ್ಬಿ, ಬುಟ್ಟಿ ಹಿಡಿದು ನಾಲ್ಕೈದು ಜನ ಪಾಳಿಯಲ್ಲಿ ಕಾಯುತ್ತಿದ್ದರು. ಗಿರಣಿಯ ಅಬ್ಬರದಲ್ಲಿ ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಅಪ್ಪನ ಹೆಸರು ಕಿವಿಗೆ ಬಿದ್ದಿರಬೇಕು, ಕೈಯೆತ್ತಿ ಗಿರಣಿ ನಿಲ್ಲಿಸಿದಳು.

ನಾನು ಯಾರೆಂದು ಹೇಳಿದೆ. ಅವಳಿಗೆ ಗೊತ್ತಿತ್ತು. ಫಟಫಟಿ ಸಾಹೇಬರಲ್ಲವೇ ಎಂದಳು. ಅಪ್ಪ ಶೆಡ್ಡು ಮುಚ್ಚಿದ ಮೇಲೆ ಇದೇ ಗಿರಣಿಯಲ್ಲಿ ಆಳಾಗಿ ಸೇರಿದನಂತೆ. ಇಲ್ಲಿ ಯಾವ ಸಪ್ಪಳವನ್ನೂ ಗುರುತಿಸಬೇಕಾಗಿಲ್ಲ, ಅದಕ್ಕೇ ನೆಮ್ಮದಿ ಎನ್ನುತ್ತಿದ್ದನಂತೆ. ಮುಂದೆ ಗಿರಣಿಯನ್ನು ಇವಳೇ ಕೊಂಡಳು. ಹೇಳುತ್ತ ಹೇಳುತ್ತ, ನಾನು ಕೇಳದೆಯೇ ಹೇಳಿದಳು:

"ಅಪ್ಪಗ ಕಿವಿ ಕೆಟ್ಟಿತ್ತು ಅಂತರಿ. ಇಲ್ಲದ್ದು ಕೇಳಸ್ತಿತ್ತಂತ. ಅದರಿಂದ ಒಬ್ಬರ ಕಾಲ ಮುರದೀನಿ ಅಂತಿದ್ದ. ದಿನಾ ಸಂಜೀಕ ಬಳ್ಳೊಳ್ಳಿ ಹಾಕಿ ಎಣ್ಣಿ ಕಾಸಿ ಕಿವ್ಯಾಗ ಬಿಡಸಕೊಳ್ಳಾವ. ಅವ್ವ ಇರೂತನ ಅವ್ವ ಬಿಟ್ಲು, ಆಮ್ಯಾಲ ನಾ ಬಿಟ್ಟೆ. ಮಿರಜಕ ಕರಕೊಂಡ ಹೋದ್ವಿ. ಡಾಕ್ಟರ ನೋಡಿ, ಕಿವಿ ಛಲೋ ಐತಿ ಅಂದ್ರು. ಅಪ್ಪ ನಂಬಲಿಲ್ಲ. ಡಾಕ್ಟರಗ ಏನ ಗೊತ್ತು, ಸಾಹೇಬ್ರು ಕಣ್ಣಾರೆ ನೋಡ್ಯಾರ, ಅವರಿಗೆ ನನ್ನ ಮುಂದ ಸುಳ್ಳ ಹೇಳೂ ಗರಜೇನು, ಅಂದ."

ಬರುವಾಗ ಬಸ್ಸಿನಲ್ಲಿ ಒಂದು ಉದ್ದ ಮಾತು ಜೋಡಿಸಿಕೊಂಡಿದ್ದೆ. ಅದರಲ್ಲಿ ನನ್ನ ವಯಸ್ಸು, ಕಾಯಂ ಆಗದ ನೌಕರಿ, ಆ ಕಾಲದ ಸಾಹೇಬರ ದರ್ಪ, ಎಲ್ಲ ಇತ್ತು. ಒಂದೂ ಬಾಯಿಗೆ ಬರಲಿಲ್ಲ. ಮುರಿದ ಜಾಗ ತುಕ್ಕು ಹಿಡಿದಿತ್ತು, ನಿಮ್ಮ ಅಪ್ಪ ಕೇಳಿದ್ದು ಖರೆ, ನಾನು ಸುಳ್ಳು ಹೇಳಿದೆ ಎಂದೆ. ಚೀಟಿಯ ಮಾತನ್ನೂ ಹೇಳಿದೆ.

ಮಾಳವ್ವ ಬೈಯಲಿಲ್ಲ. ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ಕಾಯುತ್ತಿದ್ದವರ ಕಡೆ ತಿರುಗಿ ನೋಡಿದಳು.

"ಇನ್ನೊಮ್ಮೆ ಹೇಳ್ರಿ. ಇವರೂ ಕೇಳಲಿ," ಎಂದಳು.

ಹೇಳಿದೆ. ಡಬ್ಬಿ ಹಿಡಿದ ಜನ ನನ್ನನ್ನೇ ನೋಡುತ್ತ ನಿಂತಿದ್ದರು. ಪಕ್ಕದ ಅಂಗಡಿಯಿಂದ ಬೀರಪ್ಪನನ್ನು ಬಲ್ಲ ಒಬ್ಬ ಮುದುಕನನ್ನು ಕರೆಸಿದಳು. ಅವನಿಗೆ ಕಿವಿ ಮಂದ. ಅವನ ಸಲುವಾಗಿ ಕೂಗಿ ಹೇಳಬೇಕಾಯಿತು. ಆಮೇಲೆ ಒಂದು ಚೀಲ ತೋರಿಸಿ ಕೂರಲು ಹೇಳಿದಳು. ತಮ್ಮ ಬರುತ್ತಾನೆ, ಅವನಿಗೂ ನೀವೇ ಹೇಳಬೇಕು, ನಾನು ಹೇಳಿದರೆ ನಂಬುವುದಿಲ್ಲ ಎಂದಳು. ಗಿರಣಿ ಮತ್ತೆ ಶುರುವಾಯಿತು. ಎರಡು ತಾಸು ಆ ಅಬ್ಬರದಲ್ಲಿ ಕೂತೆ. ನೀರು ಬೇಕೇ ಎಂದು ಯಾರೂ ಕೇಳಲಿಲ್ಲ, ನಾನೂ ಬೇಡಲಿಲ್ಲ. ತಮ್ಮ ಬಂದ, ನಿಂತೇ ಕೇಳಿದ. ಹಿಟ್ಟು ಹಿಡಿದ ಅಕ್ಕನ ಮುಖ ನೋಡಿದ. ಹೊರಗೆ ಹೋಗಿ ರಸ್ತೆಯ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತುಕೊಂಡ. ಆಗ ಮಾಳವ್ವ, ಆತು, ಇನ್ನ ಹೋಗ್ರಿ ಎಂದಳು.

ಆ ದಿನ ನಾಲ್ಕು ಸಲ ಹೇಳಿದೆ. ಹೇಳಿದಷ್ಟೂ ಹಗುರಾಗುತ್ತದೆ ಎಂದು ಎಲ್ಲಿಯೋ ಓದಿದ್ದೆ, ಹಾಗೇನೂ ಆಗಲಿಲ್ಲ. ಧಾರವಾಡಕ್ಕೆ ಬಂದ ಮರುದಿನ ಊಟದ ಹೊತ್ತಿಗೆ ಹೆಂಡತಿ, ಮಗ, ಸೊಸೆಯ ಎದುರು ಐದನೆಯ ಸಲ ಹೇಳಿದೆ. ಮಗ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಹೆಂಡತಿ, ಮದುವೆಗೆ ಮೊದಲು ತನ್ನ ತಂದೆ ನನ್ನ ನಡತೆಯನ್ನು ಜಮಖಂಡಿಯ ಕಚೇರಿಯಲ್ಲಿ ವಿಚಾರಿಸಿದ್ದರೆಂದೂ, ಬಹಳ ಸಜ್ಜನ ಎಂದು ಅಲ್ಲಿಯವರು ಹೇಳಿದ್ದರೆಂದೂ ನೆನೆಸಿಕೊಂಡಳು. ಎದ್ದು ಅಡುಗೆಮನೆಗೆ ಹೋದಳು. ಈಗಲೂ ಹೊತ್ತಿಗೆ ಸರಿಯಾಗಿ ಚಹಾ ಬರುತ್ತದೆ, ಊಟಕ್ಕೆ ಕರೆಯುತ್ತಾರೆ, ಔಷಧಿ ಕೊಡುತ್ತಾರೆ. ಆದರೆ ನಾನು ಏನಾದರೂ ಹೇಳಿದಾಗ, ಅದು ಅಂಚೆಯವನು ಬಂದು ಹೋದ ಎಂಬಷ್ಟು ಸಣ್ಣ ಮಾತಾದರೂ, ಮನೆಯವರಲ್ಲಿ ಒಬ್ಬರು ಹೊರಗೆ ಹೋಗಿ ನೋಡಿಕೊಂಡು ಬರುತ್ತಾರೆ.